ಪವರ್ ಏರಿಸುವ ಮೊದಲು ಕ್ಲಚ್‌ನ ಲೆಕ್ಕ

ಚನ್ನಗಿರಿ ಕಡೆಯ ಹುಡುಗ. ಮನೆಯಲ್ಲಿ ಅಡಿಕೆ ತೋಟ. ಸೆಕೆಂಡ್‌ಹ್ಯಾಂಡಿನಲ್ಲಿ ಎರಡು ಲೀಟರ್ ಟರ್ಬೊ ಪೆಟ್ರೋಲ್ ಸೆಡಾನ್ ತಗೊಂಡಿದ್ದ. ಆರು ಗೇರಿನ ಡಿಎಸ್‌ಜಿ, ಅಂದರೆ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. ದಾವಣಗೆರೆಯ ನನ್ನ ಗ್ಯಾರೇಜಿಗೆ ಗಾಡಿ ತಂದು ನಿಲ್ಲಿಸಿದವನೇ, "ಅಣ್ಣ, ಚಿತ್ರದುರ್ಗದಿಂದ ಬರ್ತಾ ಏರು ಸಿಕ್ರೆ ಆರ್‌ಪಿಎಂ ಮುಳ್ಳು ಜಿಗೀತದೆ, ಗಾಡಿ ಮಾತ್ರ ಎಳೀತಿಲ್ಲ" ಅಂದ.

"ಇಂಜಿನ್‌ಗೆ ಏನ್ ಮಾಡ್ಸಿದೀಯಪ್ಪ?"

"ಸ್ಟೇಜ್ ಒನ್ ರೀಮ್ಯಾಪ್ ಅಷ್ಟೇ ಅಣ್ಣ. ಗೇರ್‌ಬಾಕ್ಸ್ ಮುಟ್ಟೇ ಇಲ್ಲ."

ರೀಮ್ಯಾಪ್ ಅಂದರೆ ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸುವುದು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ತೊಂದರೆ ಇದ್ದದ್ದು ಆ ಕೊನೆಯ ವಾಕ್ಯದಲ್ಲೇ. ಸ್ಕ್ಯಾನರ್ ಹಾಕಿ ಬೈಪಾಸಿಗೆ ಹೋದೆವು. ಅವನು ಓಡಿಸಿದ, ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ತೊಡೆಮೇಲಿಟ್ಟು ಎರಡು ಅಂಕಿ ನೋಡುತ್ತ ಕೂತೆ: ಇಂಜಿನ್ ಎಷ್ಟು ಸುತ್ತುತ್ತಿದೆ, ಗೇರ್‌ಬಾಕ್ಸಿನ ಒಳಶಾಫ್ಟ್ ಎಷ್ಟು ಸುತ್ತುತ್ತಿದೆ. ಗೇರ್ ಬಿದ್ದು ಕ್ಲಚ್ ಹಿಡಿದ ಮೇಲೆ ಇವೆರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ನಾಲ್ಕನೇ ಗೇರಿನಲ್ಲಿ ಹಾಗೇ ಇತ್ತು. ಮೂರನೇ ಗೇರಿಗೆ ಇಳಿಸಿ ಪೂರ್ತಿ ಒತ್ತಿದಾಗ ಇಂಜಿನ್ 2,600, ಶಾಫ್ಟ್ 2,410. ಐದರಲ್ಲೂ ಅದೇ ಕಥೆ. ಆ ನಡುವಿನ 190 ಸುತ್ತು ಚಕ್ರಕ್ಕೆ ಹೋಗದೆ ಕ್ಲಚ್‌ನಲ್ಲೇ ಜಾರಿ ಬಿಸಿಯಾಗುತ್ತಿತ್ತು.

ಮೂರು, ಐದರಲ್ಲಿ ಜಾರಿ ನಾಲ್ಕರಲ್ಲಿ ಯಾಕೆ ಜಾರಲಿಲ್ಲ ಅನ್ನುವುದು ಗೊತ್ತಾದರೆ ಈ ಗೇರ್‌ಬಾಕ್ಸೇ ಅರ್ಥವಾದ ಹಾಗೆ. ಇದರೊಳಗೆ ಕ್ಲಚ್ ಎರಡು. ಒಂದು 1, 3, 5 ಮತ್ತು ರಿವರ್ಸ್ ನೋಡಿಕೊಳ್ಳುತ್ತದೆ, ಇನ್ನೊಂದು 2, 4, 6. ನೀವು ಮೂರರಲ್ಲಿ ಹೋಗುತ್ತಿರುವಾಗಲೇ ನಾಲ್ಕು ಆಗಲೇ ಬಿದ್ದು ಕಾಯುತ್ತಿರುತ್ತದೆ. ಬಾವಿಯ ರಾಟೆಗೆ ಹಗ್ಗದ ಎರಡೂ ತುದಿಗೆ ಕೊಡ ಕಟ್ಟಿದ ಹಾಗೆ, ಒಂದು ಮೇಲೆ ಬರುವ ಹೊತ್ತಿಗೆ ಇನ್ನೊಂದು ಕೆಳಗೆ ನೀರು ತುಂಬಿಕೊಂಡಿರುತ್ತದೆ. ಗೇರ್ ಬದಲಾಗುವುದು ಅಂದರೆ ಒಂದು ಕ್ಲಚ್ ಬಿಟ್ಟು ಇನ್ನೊಂದು ಹಿಡಿಯುವುದು ಅಷ್ಟೇ. ಆದರೆ ನಿಂತ ಗಾಡಿಯನ್ನು ಎಬ್ಬಿಸುವ ಕೆಲಸ, ರಿವರ್ಸ್ ಹೊಡೆಯುವ ಕೆಲಸ ಎಲ್ಲ ಮೊದಲನೇ ಕ್ಲಚ್‌ನ ತಲೆಗೇ. ಹಾಗಾಗಿ ಸವೆಯುವುದೂ ಅದೇ ಮೊದಲು. ಈ ಹುಡುಗ ಊರಾಚೆಯ ಖಾಲಿ ಲೇಔಟ್‌ನಲ್ಲಿ ಗೆಳೆಯರಿಗೆ ಲಾಂಚ್ ಕಂಟ್ರೋಲ್, ಅಂದರೆ ನಿಂತ ಗಾಡಿಯನ್ನು ಒಮ್ಮೆಲೇ ಚಿಮ್ಮಿಸುವ ಆಟ, ತೋರಿಸಿದ್ದೂ ಆಮೇಲೆ ಹೊರಬಿತ್ತು. ಅದರ ಪೆಟ್ಟೂ ಅದೇ ಕ್ಲಚ್‌ಗೆ.

190 ಸುತ್ತು ಅಂದರೆ ಏನು ಮಹಾ ಅನಿಸಬಹುದು. ಲೆಕ್ಕ ಹಾಕಿ ನೋಡಿ. ರೀಮ್ಯಾಪ್ ಆದ ಆ ಇಂಜಿನ್ ಸುಮಾರು 400 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತಿತ್ತು ಅಂತಿಟ್ಟುಕೊಳ್ಳೋಣ. 400 ಟಾರ್ಕ್ ನಿಮಿಷಕ್ಕೆ 190 ಸುತ್ತು ಜಾರಿದರೆ ಹುಟ್ಟುವ ಬಿಸಿ ಹತ್ತಿರಹತ್ತಿರ 8 ಕಿಲೋವಾಟ್. ಮನೆಯ 2 ಕಿಲೋವಾಟಿನ ಗೀಸರ್ ನಾಲ್ಕನ್ನು ಒಟ್ಟಿಗೆ ಹಚ್ಚಿ, ಅಂಗೈಯಷ್ಟು ದಪ್ಪದ ಕ್ಲಚ್ ಪ್ಯಾಕ್ ಒಳಗೆ ಇಟ್ಟಂತೆ. ಬಿಸಿಯಾದ ಪ್ಲೇಟಿನ ಹಿಡಿತ ಇನ್ನೂ ಕಡಿಮೆಯಾಗುತ್ತದೆ, ಹಿಡಿತ ಕಡಿಮೆಯಾದರೆ ಇನ್ನೂ ಜಾರುತ್ತದೆ. ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವ ಕಾಯಿಲೆ ಅಲ್ಲ ಇದು.

ಪ್ರತಿ ಗೇರ್‌ಬಾಕ್ಸಿಗೂ ತಡೆಯುವ ಟಾರ್ಕಿನ ಒಂದು ಮಿತಿ ಇದೆ. ಫೋಕ್ಸ್‌ವ್ಯಾಗನ್ ಗುಂಪಿನಲ್ಲೇ ನೋಡಿ: ಏಳು ಗೇರಿನ ಡ್ರೈ ಕ್ಲಚ್ ಡಿಕ್ಯೂ200ಗೆ 250 ನ್ಯೂಟನ್ ಮೀಟರ್, ಆರು ಗೇರಿನ ವೆಟ್ ಕ್ಲಚ್ (ಕ್ಲಚ್ ಆಯಿಲ್‌ನಲ್ಲಿ ಮುಳುಗಿರುವ) ಡಿಕ್ಯೂ250ಗೆ 350ರ ಆಸುಪಾಸು, ಡಿಕ್ಯೂ381ಗೆ 420, ಡಿಕ್ಯೂ500ಗೆ 600. ಇವು ಜಾಹೀರಾತಿನ ಅಂಕಿಯಲ್ಲ, ಕಂಪನಿಯೇ ಗೌರವಿಸುವ ಗೆರೆ. ನಮ್ಮಲ್ಲಿ 2016ರಲ್ಲಿ ಬಂದ ಸ್ಕೋಡಾ ಸೂಪರ್ಬ್ 1.8 ಪೆಟ್ರೋಲ್ ಕಾರಿಗೆ ಮ್ಯಾನ್ಯುವಲ್ ಗೇರ್ ಇದ್ದರೆ 320 ನ್ಯೂಟನ್ ಮೀಟರ್, ಅದೇ ಇಂಜಿನ್‌ಗೆ ಡಿಎಸ್‌ಜಿ ಇದ್ದರೆ 250 ಮಾತ್ರ. ಇಂಜಿನ್ ಸಣ್ಣದಾಗಿರಲಿಲ್ಲ. ಪಕ್ಕದಲ್ಲಿ ಕೂರಿಸಿದ ಗೇರ್‌ಬಾಕ್ಸಿನ ಗೆರೆ ಅಲ್ಲಿಗೆ ಮುಗಿಯುತ್ತಿತ್ತು, ಅದಕ್ಕೆ ಇಂಜಿನ್ನನ್ನೇ ತಗ್ಗಿಸಿದರು. ರೀಮ್ಯಾಪ್ ಮಾಡುವವರು ಎತ್ತುವುದು ಕೆಲವೊಮ್ಮೆ ಇದೇ ಬೀಗವನ್ನು. "ಕಂಪನಿಯವರು ಸುಮ್ಮನೆ ಕಟ್ಟಿಹಾಕಿರ್ತಾರೆ" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಈ ಎರಡು ಅಂಕಿ ಬರೆದು ತೋರಿಸಬೇಕು ಅನಿಸುತ್ತದೆ.

ಹಾಗಂತ ಗೆರೆ ದಾಟಿದ ತಕ್ಷಣ ಗೇರ್‌ಬಾಕ್ಸ್ ಒಡೆದುಹೋಗುವುದಿಲ್ಲ. ಹಲ್ಲುಗಳು, ಶಾಫ್ಟುಗಳು ಗಟ್ಟಿ. ಮೊದಲು ಸೋಲುವುದು ಕ್ಲಚ್‌ನ ಹಿಡಿತ. ಆ ಹಿಡಿತವನ್ನು ನಿರ್ಧರಿಸುವುದು ಗೇರ್‌ಬಾಕ್ಸಿನ ಕಂಪ್ಯೂಟರ್. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಮಾಡಿಫೈ ಮಾಡಿದ ಗಾಡಿಗಳಲ್ಲಿ ನಾನು ಕಂಡ ಹೆಚ್ಚಿನ ಅನಾಹುತಗಳ ಬೇರು ಇಲ್ಲೇ ಇದೆ.

ಇಂಜಿನ್ ಕಂಪ್ಯೂಟರ್ ಪ್ರತಿ ಕ್ಷಣ ಗೇರ್‌ಬಾಕ್ಸ್ ಕಂಪ್ಯೂಟರಿಗೆ "ಈಗ ಇಷ್ಟು ಟಾರ್ಕ್ ಕೊಡುತ್ತಿದ್ದೇನೆ" ಅಂತ ತಿಳಿಸುತ್ತಿರುತ್ತದೆ. ಅದನ್ನು ನಂಬಿ ಗೇರ್‌ಬಾಕ್ಸ್ ಅಷ್ಟಕ್ಕೆ ತಕ್ಕ ಆಯಿಲ್ ಒತ್ತಡದಲ್ಲಿ ಕ್ಲಚ್ ಒತ್ತಿ ಹಿಡಿಯುತ್ತದೆ. ಯಾವಾಗಲೂ ಪೂರ್ತಿ ಬಲದಿಂದ ಹಿಡಿಯುವುದಿಲ್ಲ, ಹಾಗೆ ಹಿಡಿದರೆ ಗೇರ್ ಬದಲಾಗುವಾಗ ಜರ್ಕ್ ಹೊಡೆಯುತ್ತದೆ. ಈಗ ರೀಮ್ಯಾಪ್ ಮಾಡುವವನು ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರಿಸಿ ಟಾರ್ಕ್ ಹೆಚ್ಚಿಸಿದ. ಆದರೆ ಹೆಚ್ಚಿನ ಟಾರ್ಕ್ ಅಂತ ಗೊತ್ತಾದರೆ ಗೇರ್‌ಬಾಕ್ಸ್ ತನ್ನ ರಕ್ಷಣೆಗೆ ಇಂಜಿನ್ನನ್ನು ತಡೆಯುತ್ತದೆ. ಆ ತಡೆ ತಪ್ಪಿಸಲು ಕೆಲವರು ಸುಲಭದ ದಾರಿ ಹಿಡಿಯುತ್ತಾರೆ: ಇಂಜಿನ್ ಕೊಡುವುದು 400, ಗೇರ್‌ಬಾಕ್ಸಿಗೆ ಹೇಳುವುದು 340. ಗೇರ್‌ಬಾಕ್ಸ್ ಪಾಪ ನಂಬಿ 340ಕ್ಕೆ ತಕ್ಕಷ್ಟೇ ಹಿಡಿಯುತ್ತದೆ. ಗಾಡಿ ತೆಗೆದುಕೊಂಡ ದಿನ ರಾಕೆಟ್ ಥರ ಹೋಗುತ್ತದೆ. ಆರೆಂಟು ತಿಂಗಳ ಮೇಲೆ ನನ್ನಲ್ಲಿಗೆ ಬರುತ್ತದೆ.

ಈ ಹುಡುಗನ ಗಾಡಿಯಲ್ಲಿ ಆಗಿದ್ದು ಅದೇ. ಮ್ಯಾಪ್ ಮಾಡಿದವರು ಯಾರು ಅನ್ನುವುದು ಇಲ್ಲಿ ಬೇಡ. ನಿಮ್ಮ ಗಾಡಿಗೆ ರೀಮ್ಯಾಪ್ ಮಾಡಿಸುವಾಗ "ಎಷ್ಟು ಕುದುರೆ (ಹಾರ್ಸ್‌ಪವರ್) ಹೆಚ್ಚಾಗುತ್ತೆ" ಅಂತ ಕೇಳುವ ಮೊದಲು "ಗೇರ್‌ಬಾಕ್ಸಿಗೆ ನಿಜವಾದ ಟಾರ್ಕ್ ಹೇಳ್ತೀರಾ, ಗೇರ್‌ಬಾಕ್ಸ್ ಸಾಫ್ಟ್‌ವೇರೂ ಅದಕ್ಕೆ ಹೊಂದಿಸ್ತೀರಾ, ಕೆಲಸ ಮುಗಿದ ಮೇಲೆ ಕ್ಲಚ್ ಸ್ಲಿಪ್ ಲಾಗ್ ತೋರಿಸ್ತೀರಾ" ಅಂತ ಕೇಳಿ. ಲಾಗ್ ತೋರಿಸುವುದಿಲ್ಲ ಅಂದವರ ಹತ್ತಿರ ಮಾಡಿಸಬೇಡಿ.

ಇನ್ನೊಂದು. ಕ್ಲಚ್ ಕೊಲ್ಲುವುದು ಕುದುರೆ ಅಲ್ಲ, ಟಾರ್ಕ್; ಅದರಲ್ಲೂ ಕೆಳಗಿನ ಆರ್‌ಪಿಎಂನಲ್ಲಿ ಒಮ್ಮೆಲೇ ಬರುವ ಟಾರ್ಕ್. ಸಣ್ಣ ಟರ್ಬೊ ಇಂಜಿನ್‌ಗೆ 2,000ದಲ್ಲೇ ಪೂರ್ತಿ ಬೂಸ್ಟ್ ಕೊಟ್ಟರೆ ಸೀಟಿಗೆ ಬೆನ್ನು ಅಂಟುವ ಖುಷಿ ಸಿಗುತ್ತದೆ ನಿಜ. ಅದೇ ಟಾರ್ಕನ್ನು ಕೆಳಗೆ ಸ್ವಲ್ಪ ತಗ್ಗಿಸಿ, ಮೇಲಿನ ಆರ್‌ಪಿಎಂವರೆಗೆ ಎಳೆದುಕೊಂಡು ಹೋದರೆ ಕುದುರೆ ಅಷ್ಟೇ ಬರುತ್ತದೆ, ಕ್ಲಚ್‌ಗೆ ಪೆಟ್ಟು ಎಷ್ಟೋ ಕಡಿಮೆ.

ಅವನ ಗಾಡಿಯ ಆಯಿಲ್ ಇಳಿಸಿದ ಹೊತ್ತು ನೆನಪಿದೆ. ಒಳ್ಳೆಯ ಆಯಿಲ್ ಹಳತಾದರೂ ಬೆಲ್ಲದ ಪಾಕದ ಬಣ್ಣದಲ್ಲಿ ಬೆಳಕು ದಾಟಿಸುತ್ತದೆ. ಇದು ಡಾಂಬರಿನಷ್ಟು ಕಪ್ಪು, ಕರಕಲು ವಾಸನೆ. ಎರಡು ಬೆರಳ ನಡುವೆ ಉಜ್ಜಿದರೆ ಸಣ್ಣ ಮರಳು ಸಿಕ್ಕ ಹಾಗೆ. ಅದು ಕ್ಲಚ್ ಪ್ಲೇಟಿನ ಪುಡಿ. ಈ ವೆಟ್ ಕ್ಲಚ್ ಗೇರ್‌ಬಾಕ್ಸಿನಲ್ಲಿ ಕ್ಲಚ್, ಹಲ್ಲು, ಮೆಕಟ್ರಾನಿಕ್ ಎಲ್ಲಕ್ಕೂ ಒಂದೇ ಆಯಿಲ್. ಮೆಕಟ್ರಾನಿಕ್ ಅಂದರೆ ಒತ್ತಡ ಹಂಚುವ ವಾಲ್ವುಗಳೂ ಅದರ ಕಂಪ್ಯೂಟರೂ ಒಂದೇ ಪೆಟ್ಟಿಗೆಯಲ್ಲಿರುವ ಭಾಗ. ಕ್ಲಚ್ ಪುಡಿ ಆ ವಾಲ್ವುಗಳಿಗೆ ಹೊಕ್ಕರೆ ಖರ್ಚು ಒಂದಕ್ಕೆರಡಾಗುತ್ತದೆ. ಅವನ ಪುಣ್ಯಕ್ಕೆ ಫಿಲ್ಟರ್ ಬಹಳಷ್ಟು ತಡೆದಿತ್ತು. ಕತ್ತರಿಸಿ ಬಿಚ್ಚಿ ತೋರಿಸಿದೆ, ಕಾಗದದ ಮಡಿಕೆ ಮಡಿಕೆಯಲ್ಲೂ ಕಪ್ಪು ಕೆಸರು.

ಕಂಪನಿ ಈ ಆಯಿಲ್‌ಗೆ ಕೊಡುವ ಗಡುವು 60,000 ಕಿಲೋಮೀಟರ್. ಅದು ಮಾಡಿಫೈ ಮಾಡದ ಗಾಡಿಗೆ. ಪವರ್ ಏರಿಸಿದ ಗಾಡಿಗೆ ನಾನು 30,000ಕ್ಕೇ ಬನ್ನಿ ಅನ್ನುತ್ತೇನೆ, ಏಪ್ರಿಲ್‌ನಲ್ಲಿ ನಮ್ಮೂರ ಬಿಸಿಲು ಕಂಡವರಿಗೆ ಕಾರಣ ವಿವರಿಸಬೇಕಿಲ್ಲ. ಸುಮಾರು ಐದೂವರೆ ಲೀಟರ್ ಹೋಗುತ್ತದೆ. ಹಾಕುವುದರಲ್ಲೂ ಕ್ರಮ ಇದೆ. ಇಂಜಿನ್ ಓಡುತ್ತಿರಬೇಕು, ಗೇರ್ ಆಯಿಲ್ 35ರಿಂದ 45 ಡಿಗ್ರಿ ನಡುವೆ ಇರಬೇಕು, ಆಗ ತಳದ ಕೊಳವೆಯಿಂದ ಹೆಚ್ಚಿನ ಆಯಿಲ್ ತೊಟ್ಟಿಕ್ಕಿ ನಿಂತರೆ ಮಟ್ಟ ಸರಿ. ತಣ್ಣಗಿನ ಗಾಡಿಗೆ ಅಂದಾಜಿನಲ್ಲಿ ಸುರಿದು ಕಳಿಸಿದ್ದನ್ನೂ ನೋಡಿದ್ದೇನೆ, ಡಿಎಸ್‌ಜಿ ಆಯಿಲ್ ಬದಲು ಮಾಮೂಲಿ ಆಟೋಮ್ಯಾಟಿಕ್ ಆಯಿಲ್ ಹಾಕಿದ್ದನ್ನೂ ನೋಡಿದ್ದೇನೆ. ಆಯಿಲ್, ಫಿಲ್ಟರ್, ಕೂಲಿ ಸೇರಿ ನನ್ನಲ್ಲಿ ಹದಿನೈದು ಸಾವಿರದ ಮೇಲೆ ಆಗುತ್ತದೆ. ದುಬಾರಿ ಅನಿಸುತ್ತದೆ, ಒಪ್ಪುತ್ತೇನೆ.

ಕ್ಲಚ್ ಪ್ಯಾಕ್ ಬದಲಿಸಿದ ಬಿಲ್ ನೋಡಿದರೆ ಹಾಗನಿಸುವುದಿಲ್ಲ. ಹುಡುಗನ ಜೊತೆ ಅವನಪ್ಪನೂ ಬಂದಿದ್ದರು. ಕ್ಲಚ್ ಪ್ಯಾಕ್, ಆಯಿಲ್, ಎರಡು ಫಿಲ್ಟರ್, ಬಿಚ್ಚಿ ಕೂರಿಸುವ ಕೂಲಿ, ಅಡಾಪ್ಟೇಶನ್ (ಹೊಸ ಕ್ಲಚ್‌ಗೆ ಕಂಪ್ಯೂಟರನ್ನು ಹೊಂದಿಸುವ ಕೆಲಸ) ಎಲ್ಲ ಸೇರಿ ಒಂದೂವರೆ ಲಕ್ಷ ದಾಟಿತ್ತು. ಕಾಗದ ದೂರ ಹಿಡಿದು ಓದಿ, "ಮೂರು ಕ್ವಿಂಟಲ್ ರಾಶಿ ಅಡಿಕೆ ಹೋತಲ್ಲ ಮೇಸ್ತ್ರಿ" ಅಂದರು. ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ರೀಮ್ಯಾಪಿಗೆ ಕೊಟ್ಟದ್ದು ಇದರ ಕಾಲು ಭಾಗವೂ ಇರಲಿಲ್ಲ. ಅದೇ ದಿನ ಗೇರ್‌ಬಾಕ್ಸ್ ಸಾಫ್ಟ್‌ವೇರಿಗೂ ಆಯಿಲ್‌ಗೂ ಸ್ವಲ್ಪ ಖರ್ಚು ಮಾಡಿದ್ದರೆ ಅಡಿಕೆ ತೋಟದಲ್ಲೇ ಉಳಿಯುತ್ತಿತ್ತು.

ಡ್ರೈ ಕ್ಲಚ್ ಗಾಡಿಯವರಿಗೆ ಬೇರೆ ಮಾತು ಹೇಳಬೇಕು. ಹಳೆಯ 1.2 ಲೀಟರ್ ಪೋಲೊ ಜಿಟಿ ಟಿಎಸ್‌ಐ, ಹ್ಯುಂಡೈ ಐ20 ಎನ್ ಲೈನ್‌ನಂಥ ಗಾಡಿಗಳಲ್ಲಿ ಕ್ಲಚ್ ಆಯಿಲ್‌ನಲ್ಲಿ ಮುಳುಗಿರುವುದಿಲ್ಲ, ಗಾಳಿಯಲ್ಲೇ ತಣಿಯಬೇಕು. ಹೆದ್ದಾರಿಯಲ್ಲಿ ಇದು ಚಿನ್ನದಂಥ ಗೇರ್‌ಬಾಕ್ಸ್. ಊರೊಳಗಿನ ಟ್ರಾಫಿಕ್ಕಿನಲ್ಲಿ ಅಂಗುಲ ಅಂಗುಲ ಸರಿಯುವಾಗ ಕಷ್ಟ. ಬ್ರೇಕಿನ ಮೇಲೆ ಕಾಲು ಸುಮ್ಮನೆ ತಾಗಿಸಿಟ್ಟರೆ ಕ್ಲಚ್ ಅರ್ಧ ಹಿಡಿದು ಉಜ್ಜುತ್ತಲೇ ಇರುತ್ತದೆ. ಗಟ್ಟಿಯಾಗಿ ಒತ್ತಿ ಹಿಡಿದರೆ ಪೂರ್ತಿ ಬಿಡುತ್ತದೆ. ಹಾಗಾಗಿ ಮುಂದಿನ ಗಾಡಿಗೂ ನಿಮಗೂ ನಡುವೆ ಒಂದು ಗಾಡಿಯಷ್ಟು ಜಾಗ ಆದ ಮೇಲೆ ಒಮ್ಮೆಗೇ ಹೋಗಿ ನಿಲ್ಲಿ. ಚಿತ್ರದುರ್ಗದ ಜೋಗಿಮಟ್ಟಿ ಏರಿನಲ್ಲಿ ಮುಂದೆ ಗಾಡಿ ನಿಂತರೆ ಆಕ್ಸಿಲರೇಟರ್ ಅದುಮಿಕೊಂಡು ಗಾಡಿ ಹಿಂದೆ ಜಾರದಂತೆ ಹಿಡಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹ್ಯಾಂಡ್‌ಬ್ರೇಕ್ ಇರುವುದೇ ಅದಕ್ಕೆ.

ಡಿಕ್ಯೂ200ರ ಕಥೆ ಮುಚ್ಚಿಟ್ಟದ್ದೇನೂ ಅಲ್ಲ. 2013ರ ನವೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ಕರೆಸಿ ಸಿಂಥೆಟಿಕ್ ಗೇರ್ ಆಯಿಲ್ ತೆಗೆದು ಮಿನರಲ್ ಆಯಿಲ್ ಹಾಕಿಕೊಡುವುದಾಗಿ ಹೇಳಿತು. ಬಿಸಿ, ತೇವದ ಹವೆ, ನಿಂತು ನಿಂತು ಹೋಗುವ ಟ್ರಾಫಿಕ್ ಇರುವ ಕಡೆ ವಿದ್ಯುತ್ ದೋಷ ಬರುತ್ತಿತ್ತು ಅನ್ನುವುದು ಕಾರಣ. ಹಳೆಯ ಗಾಡಿ ಕೊಳ್ಳುವವರು ಆ ಆಯಿಲ್ ಬದಲಾದ ದಾಖಲೆ ಇದೆಯೇ ಕೇಳಿ. ಇನ್ನು ಈ ಗೇರ್‌ಬಾಕ್ಸಿನ ಕ್ಲಚ್ ಬದಲಿಸಲು ಬೇರೆಯೇ ಟೂಲ್ ಸೆಟ್ ಬೇಕು, ಎಳೆದು ತೆಗೆಯಲು ಒಂದು, ಎರಡು ಕ್ಲಚ್‌ಗಳ ಸಂದು ಅಳೆಯಲು ಇನ್ನೊಂದು. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ ಕ್ಲಚ್ ಬಹಳ ದಿನ ಬಾಳುವುದಿಲ್ಲ.

ವಾರಂಟಿ ಇರುವ ಗಾಡಿಗೆ ರೀಮ್ಯಾಪ್ ಮಾಡಿಸಿದರೆ ಆ ವಾರಂಟಿ ಮರೆತುಬಿಡಿ. ಫೋಕ್ಸ್‌ವ್ಯಾಗನ್ ಗುಂಪಿನಲ್ಲಿ ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾದದ್ದು ಗೊತ್ತಾದರೆ ಕಂಪನಿಯ ದಾಖಲೆಯಲ್ಲಿ ಗಾಡಿಗೆ ಟಿಡಿ1 ಅಂತ ಗುರುತು ಬೀಳುತ್ತದೆ. ಗಾಡಿಯಲ್ಲಿ ಬದಲಾವಣೆ ಮಾಡುವ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೂ ಓದಿಕೊಳ್ಳಿ, ವಿಮೆ ಕಂಪನಿಯವರು ಅದನ್ನು ಓದಿರುತ್ತಾರೆ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಗಾಡಿ ಪೂರ್ತಿ ಬಿಸಿಯಾಗುವವರೆಗೆ, ಕಡಿಮೆ ಅಂದರೆ ಅರ್ಧ ಗಂಟೆ ಓಡಿಸಿ. ತಣ್ಣಗಿದ್ದಾಗ ಸುಳ್ಳು ಹೇಳುವ ಗೇರ್‌ಬಾಕ್ಸ್ ಬಿಸಿಯಾದಾಗ ನಿಜ ಹೇಳುತ್ತದೆ. ಒಂದರಿಂದ ಎರಡಕ್ಕೆ ಬೀಳುವಾಗ ನಡುಕ ಇದೆಯೇ, ರಿವರ್ಸ್‌ನಲ್ಲಿ ಸಣ್ಣ ಏರು ಹತ್ತುವಾಗ ಗಾಡಿ ಅದುರುತ್ತದೆಯೇ, ಇಂಜಿನ್ ಆರಿಸಿದಾಗ ತಳದಲ್ಲಿ ಗಡಗಡ ಸದ್ದು ಬರುತ್ತದೆಯೇ ನೋಡಿ. ಆ ಸದ್ದು ಸಾಮಾನ್ಯವಾಗಿ ಇಂಜಿನ್ನಿನ ಅದುರು ತಗ್ಗಿಸುವ ಡ್ಯುಯಲ್ ಮಾಸ್ ಫ್ಲೈವ್ಹೀಲಿನದು, ಅದಕ್ಕೆ ಬೇರೆಯೇ ಬಿಲ್. ಆಮೇಲೆ ಸ್ಕ್ಯಾನರ್ ಹಾಕಿಸಿ ಮೂರು ಮತ್ತು ನಾಲ್ಕನೇ ಗೇರಿನಲ್ಲಿ ಸ್ಲಿಪ್ ಲಾಗ್ ತೆಗೆಸಿ.

ಚನ್ನಗಿರಿ ಹುಡುಗನಿಗೆ ಹೊಸ ಕ್ಲಚ್ ಕೂರಿಸಿ, ಬೇಸಿಕ್ ಸೆಟ್ಟಿಂಗ್ ಮಾಡಿ, ಹೆದ್ದಾರಿಯಲ್ಲಿ ಅಡಾಪ್ಟೇಶನ್ ಓಡಿಸಿ ಕೊಟ್ಟೆ. ಮ್ಯಾಪ್ ಬದಲಿಸಿಕೊಂಡ. 2,000ದ ಹತ್ತಿರದ ಟಾರ್ಕ್ ಇಳಿಸಿದ್ದಾನೆ, ಇಂಜಿನ್ ಈಗ ಗೇರ್‌ಬಾಕ್ಸಿಗೆ ನಿಜವನ್ನೇ ಹೇಳುತ್ತಿದೆ. ಹೋದ ತಿಂಗಳು ಆಯಿಲ್ ಬದಲಿಸಲು ಬಂದಿದ್ದ. ಇಳಿಸಿದ ಆಯಿಲನ್ನು ಬಿಳಿ ಡಬ್ಬಿಗೆ ಹಾಕಿ ಅವನೇ ಬಿಸಿಲಿಗೆ ಎತ್ತಿ ಹಿಡಿದ. ಡಬ್ಬಿಯ ತಳ ಕಾಣುತ್ತಿತ್ತು.