ಎಪಾಕ್ಸಿ ಒಣಗುವುದಿಲ್ಲ

ಎಪಾಕ್ಸಿ ಎಂದರೆ ರೆಸಿನ್ ಮತ್ತು ಹಾರ್ಡನರ್ ಎಂಬ ಎರಡು ಭಾಗ ಕಲಸಿ ಬಳಸುವ ಅಂಟು; ನೆಲಕ್ಕೆ ಲೇಪವೂ ಅದೇ. ಡೊಂಬಿವಲಿಯ ನೆಲಮಹಡಿ ಮನೆಯ ನೆಲಕ್ಕೆ ಮಾರ್ಚ್‌ನಲ್ಲಿ ಹಾಕಿಸಿದ ಎಪಾಕ್ಸಿ ಜುಲೈ ಹೊತ್ತಿಗೆ ಗುಳ್ಳೆ ಏಳುತ್ತದೆ. ಗೋವಾದ ಅಶ್ವೆ ತೀರದಲ್ಲಿ ಸರ್ಫ್‌ಬೋರ್ಡಿಗೆ ಹಾಕಿದ ತೇಪೆ ಮೂರು ದಿನಕ್ಕೇ ಕಿತ್ತು ಬರುತ್ತದೆ. ಪುಣೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಕಲಸಿಟ್ಟ ಡಬ್ಬಿ ಹೊಗೆಯಾಡುತ್ತದೆ. ಮೂರಕ್ಕೂ ಜನ ಬೈಯುವುದು ಕಂಪನಿಯನ್ನು. ಹೆಚ್ಚಿನ ಸಲ ತಪ್ಪು ಇರುವುದು ತಕ್ಕಡಿಯಲ್ಲಿ, ತೇವದಲ್ಲಿ, ಇಲ್ಲವೇ ಉಜ್ಜದೆ ಬಿಟ್ಟ ಮೇಲ್ಮೈಯಲ್ಲಿ.

ಪೇಂಟಿನಿಂದ ಥಿನ್ನರ್ ಹಾರಿಹೋಗುತ್ತದೆ, ಫೆವಿಕಾಲ್‌ನಿಂದ ನೀರು ಹೋಗುತ್ತದೆ. ಅವು ಒಣಗುವುದು ಹಾಗೆ. ಎಪಾಕ್ಸಿಯಲ್ಲಿ ರೆಸಿನ್ನಿನ ಅಣುಗಳಿಗೆ ಹಾರ್ಡನರ್‌ನ ಅಣುಗಳು ಕೊಂಡಿ ಹಾಕಿಕೊಂಡು ಒಂದೇ ಬಲೆಯಾಗುತ್ತವೆ. ಇಷ್ಟು ರೆಸಿನ್ನಿಗೆ ಇಷ್ಟೇ ಹಾರ್ಡನರ್ ಎಂಬ ಲೆಕ್ಕ ಬಂದದ್ದು ಇದರಿಂದ. ಬೇಗ ಗಟ್ಟಿಯಾಗಲಿ ಎಂದು ಒಂದು ಚಮಚ ಹಾರ್ಡನರ್ ಹೆಚ್ಚು ಸುರಿದರೆ, ಜೋಡಿ ಸಿಗದ ಹಾರ್ಡನರ್ ಒಳಗೇ ಉಳಿದು ಅಂಟು ಮೆತ್ತಗಾಗುತ್ತದೆ. ವಾರ ಕಾದರೂ ಅದು ಸರಿಹೋಗುವುದಿಲ್ಲ, ಕೆರೆದು ತೆಗೆಯಬೇಕು.

ಎಲ್ಲ ಎಪಾಕ್ಸಿಗೂ ಒಂದೇ ಪ್ರಮಾಣವೆಂದು ತಿಳಿಯುವುದು ಇನ್ನೊಂದು ಎಡವಟ್ಟು. ಅಂಗಡಿಯ ಸ್ಟ್ಯಾಂಡರ್ಡ್ ಅರಾಲ್ಡೈಟ್ ಟ್ಯೂಬುಗಳಲ್ಲಿ ಅಳತೆಗೆ ಸಮಸಮ, ತೂಕಕ್ಕೆ 100ಕ್ಕೆ 80. ಫೈಬರ್ ಬಟ್ಟೆ ಕೂರಿಸಲು ಬಳಸುವ ಎಲ್‌ವೈ 556 ರೆಸಿನ್ನಿಗೆ ಎಚ್‌ವೈ 951 ಹಾರ್ಡನರ್ ತೂಕದಲ್ಲಿ 100ಕ್ಕೆ ಸುಮಾರು 10. ಇಲ್ಲಿ 20 ಗ್ರಾಂ ರೆಸಿನ್ ತೆಗೆದುಕೊಂಡರೆ ಹಾರ್ಡನರ್ ಬರೀ 2 ಗ್ರಾಂ. ಅಡುಗೆಮನೆಯ ತಕ್ಕಡಿ ಒಂದು ಗ್ರಾಂ ಆಚೀಚೆ ತೋರಿಸಿದರೂ ಲೆಕ್ಕ ಅರ್ಧಕ್ಕರ್ಧ ಕೆಟ್ಟಂತೆ. 0.1 ಗ್ರಾಂ ತೋರಿಸುವ ತಕ್ಕಡಿ ಇಟ್ಟುಕೊಳ್ಳಿ, ಇಲ್ಲವೇ ಬೇಕಾದ್ದಕ್ಕಿಂತ ಹೆಚ್ಚು ಕಲಸಿ ಉಳಿದದ್ದು ಹೋಗಲಿ ಎನ್ನಿ.

ಕೊಂಡಿ ಕೂಡುವಾಗ ಶಾಖ ಹುಟ್ಟುತ್ತದೆ. ಆ ಶಾಖ ಡಬ್ಬಿಯ ಒಳಗೇ ಸಿಕ್ಕಿಕೊಂಡರೆ ಕೂಡುವಿಕೆ ಇನ್ನೂ ಚುರುಕಾಗಿ, ಅರ್ಧ ಕಿಲೋ ಮಿಶ್ರಣ ಕೈಯಲ್ಲಿ ಹಿಡಿಯಲಾರದಷ್ಟು ಕಾಯುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ವೇಗ ಹೆಚ್ಚುಕಡಿಮೆ ಇಮ್ಮಡಿ. ಕಲಸಿದ್ದನ್ನು ಬಳಸಲು 25 ಡಿಗ್ರಿಯಲ್ಲಿ ಸಿಗುವ ಅರ್ಧ ಗಂಟೆ ಪುಣೆಯ 40 ಡಿಗ್ರಿಯಲ್ಲಿ ಹತ್ತು ನಿಮಿಷಕ್ಕೆ ಇಳಿಯುತ್ತದೆ. ಕಲಸಿದ ಕೂಡಲೇ ಅಗಲ ತಟ್ಟೆಗೆ ಸುರಿದುಕೊಳ್ಳುವುದು ಸುಲಭದ ಉಪಾಯ.

ಆಟದ ಸಾಮಾನಿನಲ್ಲಿ ಎಪಾಕ್ಸಿಗೆ ಹೇಳಿಮಾಡಿಸಿದ ಕೆಲಸವೆಂದರೆ ಸರ್ಫ್‌ಬೋರ್ಡ್. ಒಳಗಿನ ಫೋಮ್ ಥರ್ಮೋಕೋಲ್ ಜಾತಿಯದಾದರೆ ಪಾಲಿಯೆಸ್ಟರ್ ರೆಸಿನ್ ಅದನ್ನು ಕರಗಿಸಿಬಿಡುತ್ತದೆ, ಎಪಾಕ್ಸಿ ಕರಗಿಸುವುದಿಲ್ಲ. ಒಡೆದ ಜಾಗವನ್ನು ಮೊದಲು ಸಿಹಿನೀರಿನಲ್ಲಿ ತೊಳೆದು, ಒಡಕು ಕೆಳಮುಖವಾಗುವಂತೆ ನೆರಳಲ್ಲಿ ನಿಲ್ಲಿಸಿ ಪೂರ್ತಿ ಆರಿಸಬೇಕು. ಮೂರು ದಿನಕ್ಕೆ ಕಿತ್ತುಬರುವ ತೇಪೆಯ ಅಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಉಪ್ಪುನೀರೇ. ಆಮೇಲೆ ಸುತ್ತ ಎರಡು ಇಂಚು 80 ನಂಬರ್ ಉಪ್ಪುಕಾಗದದಿಂದ ಹೊಳಪು ಹೋಗುವಂತೆ ಉಜ್ಜಿ. ಗುಂಡಿಗೆ ಮೈಕ್ರೋಬಲೂನ್ (ಟೊಳ್ಳು ಸೂಕ್ಷ್ಮ ಗೋಲಿಗಳ ಹಗುರ) ಪುಡಿ ಬೆರೆಸಿದ ಎಪಾಕ್ಸಿಯನ್ನು ಶ್ರೀಖಂಡದ ಹದಕ್ಕೆ ತಂದು ತುಂಬಿ. ಅದು ಗಟ್ಟಿಯಾದ ಮೇಲೆ ಸಮ ಮಾಡಿ, 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ) ಗಾಜಿನ ನಾರಿನ ಬಟ್ಟೆ ಎರಡು ಪದರ ಕೂರಿಸಿ. ಮೇಲಿನದು ಕೆಳಗಿನದಕ್ಕಿಂತ ಅರ್ಧ ಇಂಚು ದೊಡ್ಡದಿರಲಿ. ಬಟ್ಟೆ ಪಾರದರ್ಶಕವಾದರೆ ಸಾಕು, ಮೇಲೆ ರೆಸಿನ್ ತೇಲಿದರೆ ತೂಕ ಹೆಚ್ಚುತ್ತದೆಯೇ ಹೊರತು ಬಲವಲ್ಲ. ಸಾಮಾನ್ಯ ಉಷ್ಣತೆಯಲ್ಲಿ ಗಟ್ಟಿಯಾದ ಎಪಾಕ್ಸಿ 50–60 ಡಿಗ್ರಿಯಲ್ಲಿ ಮೆತ್ತಗಾಗತೊಡಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬೋರ್ಡ್ ಬಿಡಬೇಡಿ.

ಕ್ರಿಕೆಟ್ ಬ್ಯಾಟಿಗೆ ಎಪಾಕ್ಸಿ ಬಳಿಯುವ ಹುಮ್ಮಸ್ಸು ಆಜಾದ್ ಮೈದಾನದಿಂದ ಪಿಂಪ್ರಿಯವರೆಗೂ ಇದೆ. ವಿಲ್ಲೋ ಮರ ಚೆಂಡಿನ ಪೆಟ್ಟಿಗೆ ತಗ್ಗಿ ಏಳುತ್ತದೆ, ಐದು ನಿಮಿಷದ ಎಪಾಕ್ಸಿ ಬಾಗದೆ ಸೀಳುತ್ತದೆ. ಅಂಚಿನ ಕೂದಲೆಳೆ ಬಿರುಕಿಗೆ ಮರದ ಅಂಟು ತೂರಿಸಿ, ಕ್ಲಾಂಪ್ ಬಿಗಿದು, ಮೇಲೆ ಫೈಬರ್ ಟೇಪ್ ಸುತ್ತುವುದೇ ಮೇಲು. ಚೂರು ಹಾರಿಹೋಗಿದ್ದರೆ ಎಪಾಕ್ಸಿ ತುಂಬುವ ಹಾಗೇ ಇಲ್ಲ: ಎಂಸಿಸಿಯ 5ನೇ ನಿಯಮದಂತೆ ಬ್ಲೇಡಿನೊಳಗೆ ಸೇರಿಸಬಹುದಾದದ್ದು ಮರ, ಜೊತೆಗೆ ಅಗತ್ಯವಿದ್ದಷ್ಟೇ ಅಂಟು. ಮುರಿದ ಕಾರ್ಬನ್ ಬ್ಯಾಡ್ಮಿಂಟನ್ ರಾಕೆಟ್ ಅನ್ನು ಎಸೆಯಿರಿ. 24 ಪೌಂಡ್ ಬಿಗಿತದ ತಂತಿಗಳ ಎಳೆತವನ್ನು ಮನೆಯ ತೇಪೆ ತಡೆಯದು. ಶೂ ಅಡಿಗೂ ಎಪಾಕ್ಸಿ ಬೇಡ, ಮಡಿಚುವ ವಸ್ತುವಿಗೆ ಮಡಿಚುವ ಅಂಟೇ ಬೇಕು.

ಇನ್ನು ನೆಲ. ಇಲ್ಲಿ ದುಡ್ಡೂ ದೊಡ್ಡದು, ಮೋಸವೂ ದೊಡ್ಡದು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ದಪ್ಪ ಎಂದರೆ ಸರಿಯಾಗಿ ಒಂದು ಲೀಟರ್. 10 ಅಡಿ, 12 ಅಡಿಯ ಕೋಣೆ 11.15 ಚದರ ಮೀಟರ್, 2 ಮಿ.ಮೀ. ಸೆಲ್ಫ್ ಲೆವೆಲಿಂಗ್‌ಗೆ (ಸುರಿದರೆ ತಾನೇ ಸಮನಾಗಿ ಹರಡುವ ಪದರಕ್ಕೆ) 22 ಲೀಟರಿಗೂ ಮಿಕ್ಕಿ ಬೇಕು. ಫಿಲ್ಲರ್ (ತುಂಬುಪುಡಿ) ಬೆರೆತ ಮಾಲು ಲೀಟರಿಗೆ ಒಂದೂವರೆ ಕಿಲೋ ತೂಗಿದರೆ ಸುಮಾರು 33 ಕಿಲೋ. ಗುತ್ತಿಗೆದಾರ ಐದು ಕಿಲೋ ಡಬ್ಬಿ ಒಂದನ್ನು ಹೊತ್ತುಕೊಂಡು ಬಂದರೆ ಅದು ಎಪಾಕ್ಸಿ ಪೇಂಟ್; ಕೊಟೇಶನ್‌ನಲ್ಲಿ ಏನೇ ಬರೆದಿರಲಿ. ಕರಾರಿನಲ್ಲಿ ಮಿಲಿಮೀಟರ್ ಮತ್ತು ಕಿಲೋ ಎರಡನ್ನೂ ಬರೆಸಿಕೊಳ್ಳಿ, ಡಬ್ಬಿಗಳನ್ನು ಒಡೆಯುವ ಮೊದಲೇ ಎಣಿಸಿ.

ಹೊಸ ಕಾಂಕ್ರೀಟಿಗೆ 28 ದಿನ ಕಳೆದಿರಬೇಕು. ಹಳೆಯದಾದರೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕಂಟಿಸಿ 16 ಗಂಟೆ ಬಿಡಿ. ಕೆಳಗೆ ನೀರಹನಿ ಕಂಡರೆ ಅಥವಾ ನೆಲ ಕಪ್ಪಾದರೆ ಮಣ್ಣಿನ ತೇವ ಮೇಲೇರುತ್ತಿದೆ ಎಂದರ್ಥ. ಎಪಾಕ್ಸಿ ಆ ಆವಿಗೆ ಮುಚ್ಚಳ ಹಾಕುತ್ತದೆ, ಆವಿ ಮುಚ್ಚಳವನ್ನೇ ಎತ್ತುತ್ತದೆ. ಗೋವಾದ ಹಳೆ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ ನಾವು ಎಪಾಕ್ಸಿ ಬೇಡವೆನ್ನುವುದು ಇದಕ್ಕೇ. ಅಷ್ಟು ಚೆಂದದ ನೆಲವನ್ನು ಮುಚ್ಚುವುದೂ ಅನ್ಯಾಯ.

ತೇವ ಮೇಲಿನಿಂದಲೂ ಬರುತ್ತದೆ. ಗಾಳಿಯ ತೇವ ಹನಿಯಾಗತೊಡಗುವ ಉಷ್ಣತೆಗೆ ಇಬ್ಬನಿ ಬಿಂದು ಎನ್ನುತ್ತಾರೆ. ನೆಲದ ಉಷ್ಣತೆ ಅದಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಮುಂಬಯಿಯ ಜುಲೈಯಲ್ಲಿ ಗಾಳಿ 28 ಡಿಗ್ರಿ, ಆರ್ದ್ರತೆ ಶೇಕಡ 85 ಇದ್ದರೆ ಇಬ್ಬನಿ ಬಿಂದು ಸುಮಾರು 25. ನೆಲ 26 ಇದ್ದರೆ ಆ ದಿನ ಕೆಲಸ ಇಲ್ಲ. ಹಟ ಹಿಡಿದು ಹಾಕಿದರೆ ಹಾರ್ಡನರ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡಿನೊಂದಿಗೆ ಕೂಡಿ ಮೇಲೆ ಮೇಣದಂಥ ಜಿಡ್ಡು ಕಟ್ಟುತ್ತದೆ. ಅದರ ಮೇಲಿನ ಕೋಟ್ ಸುಲಿದು ಬರುತ್ತದೆ. ಜಿಡ್ಡನ್ನು ಥಿನ್ನರಿನಿಂದ ಒರೆಸಿದರೆ ಹರಡುತ್ತದೆ. ಬರೀ ನೀರು ಮತ್ತು ಸ್ಕ್ರಬರ್‌ನಿಂದ ತೊಳೆದು, ಒಣಗಿಸಿ, ಆಮೇಲೆ ಉಜ್ಜಬೇಕು.

ನೆಲವನ್ನು ಡೈಮಂಡ್ ಗ್ರೈಂಡರ್‌ನಿಂದ ಉಜ್ಜಿ ವ್ಯಾಕ್ಯೂಮ್ ಮಾಡಿ, ಒಂದು ಹನಿ ನೀರು ಹಾಕಿ ನೋಡಿ. ಹನಿ ಇಂಗಿದರೆ ಪ್ರೈಮರ್ (ಅಡಿಯ ಮೊದಲ ಕೋಟ್) ಹಿಡಿಯುತ್ತದೆ. ಮುತ್ತಿನಂತೆ ನಿಂತರೆ ಎಣ್ಣೆ ಅಥವಾ ಸೀಲರ್ ಇದೆ. ಕಾಂಕ್ರೀಟ್ ಬೆಳಗಿನಿಂದ ಕಾಯುತ್ತಾ ಹೋಗುವಾಗ ರಂಧ್ರದ ಗಾಳಿ ಹಿಗ್ಗಿ ಸೂಜಿತೂತು ಮಾಡುತ್ತದೆ, ಪ್ರೈಮರ್ ಸಂಜೆ ಹಾಕಿದರೆ ಒಳ್ಳೆಯದು. ಮುಖ್ಯ ಪದರಕ್ಕೆ ಮಿಕ್ಸರ್ ನಿಧಾನ ತಿರುಗಲಿ. ಮೂರು ನಿಮಿಷ ಕಲಸಿ, ಇನ್ನೊಂದು ಬಕೆಟ್‌ಗೆ ಸುರಿದು ಮತ್ತೆ ಕಲಸಿ. ಖಾಲಿ ಬಕೆಟ್ ಅನ್ನು ನೆಲದ ಮೇಲೆ ಕವುಚಿಡುವ ಕೆಲಸಗಾರನನ್ನು ತಡೆಯಿರಿ: ಬಕೆಟ್ಟಿನ ಒಳಮೈಗಂಟಿದ ಅರೆಬರೆ ಕಲಸಿದ ಮಾಲು ಇಳಿದು, ತಿಂಗಳಾದರೂ ಅಂಟಂಟಾಗಿರುವ ದುಂಡನೆಯ ಕಲೆ ಉಳಿಯುತ್ತದೆ. ಹರಡಿದ ಮೇಲೆ ಗಾಳಿಗುಳ್ಳೆ ಒಡೆಯಲು ಮುಳ್ಳಿನ ರೋಲರ್ ಉರುಳಿಸಿ. 24 ಗಂಟೆಗೆ ಓಡಾಡಬಹುದು, ಸೋಫಾ ಎಳೆಯಲು ಮತ್ತು ನೆಲ ಒರೆಸಲು ಏಳು ದಿನ ಕಾಯಿರಿ.

ಬಿಸಿಲು ಬೀಳುವ ಬಾಲ್ಕನಿಯಲ್ಲಿ ಎಪಾಕ್ಸಿ ಹಳದಿಯಾಗುತ್ತದೆ, ಮೇಲೆ ಬಿಸಿಲಿಗೆ ಹಳದಿಯಾಗದ ಅಲಿಫ್ಯಾಟಿಕ್ ಪಾಲಿಯುರೆಥೇನ್ (ಪಿಯು) ಕೋಟ್ ಬೇಕು. ಕುದಿನೀರು ಚೆಲ್ಲುವ ಹೋಟೆಲ್ ಅಡುಗೆಮನೆಗೆ ಎಪಾಕ್ಸಿ ಸಲ್ಲದು. ಮಾಟುಂಗದ ಉಡುಪಿ ಹೋಟೆಲಿನವರು ಕೇಳಿದರೆ ಪಿಯು ಕಾಂಕ್ರೀಟ್ ಎಂದೇ ಹೇಳುತ್ತೇವೆ. ಹಾಲ್‌ನಲ್ಲಿ ಡಾಲ್ಫಿನ್ ಈಜುವ ತ್ರೀಡಿ ಚಿತ್ರ ಬೇಕೇ ಎಂಬುದು ಮನೆಯವರ ರುಚಿ, ಗೀರು ಮಾತ್ರ ಡಾಲ್ಫಿನ್ನಿನ ಮೇಲೇ ಎದ್ದು ಕಾಣುತ್ತದೆ.

ಕೈಗೆ ನೈಟ್ರೈಲ್ ಗ್ಲೌಸ್ ಇರಲಿ. ಚರ್ಮಕ್ಕೆ ಒಮ್ಮೆ ಅಲರ್ಜಿ ಅಂಟಿದರೆ ಜೀವಮಾನ ಬಿಡದಿರಬಹುದು. ಕೈಗೆ ತಾಗಿದ ಎಪಾಕ್ಸಿಯನ್ನು ಥಿನ್ನರಿನಿಂದ ಉಜ್ಜಬೇಡಿ, ಅದು ಚರ್ಮದೊಳಕ್ಕೇ ಇಳಿಸುತ್ತದೆ. ಬಟ್ಟೆಯಿಂದ ಒರೆಸಿ ಸೋಪುನೀರಲ್ಲಿ ತೊಳೆಯಿರಿ. ಉಳಿದ ಮಿಶ್ರಣವನ್ನು ಹಳೆ ತಗಡಿನ ಮೇಲೆ ತೆಳ್ಳಗೆ ಹರಡಿ, ಗಟ್ಟಿಯಾದ ಮೇಲೆ ಕಸಕ್ಕೆ ಹಾಕಿ. ಬಚ್ಚಲಿಗೆ ಸುರಿದರೆ ಪೈಪಿನೊಳಗೂ ಅದು ಗಟ್ಟಿಯಾಗದೆ ಬಿಡುವುದಿಲ್ಲ.