‘ಮೋಡಸ್ ಆಪರೆಂಡಿ’ ಎಂದರೆ ಅಪರಾಧದ ಉದ್ದೇಶವೇ?

ಪ್ರಶ್ನೆ: ಅಪರಾಧ ಸುದ್ದಿಗಳಲ್ಲಿ ‘ಮೋಡಸ್ ಆಪರೆಂಡಿ’ ಎಂಬ ಮಾತು ಆಗಾಗ ಕಾಣುತ್ತದೆ. ಅಪರಾಧಿಯ ಉದ್ದೇಶ ಎಂದು ಅದರ ಅರ್ಥವೇ? ಕನ್ನಡದಲ್ಲಿ ಏನೆನ್ನಬೇಕು?

ಉತ್ತರ: ಉದ್ದೇಶವಲ್ಲ, ರೀತಿ. ಏಕೆ ಮಾಡಿದ ಎಂಬುದನ್ನು ಈ ಮಾತು ಹೇಳುವುದಿಲ್ಲ. ಪ್ರತಿ ಸಲವೂ ಹೇಗೆ ಮಾಡುತ್ತಾನೆ ಎಂಬುದನ್ನು ಹೇಳುತ್ತದೆ. ಲ್ಯಾಟಿನ್‌ನಲ್ಲಿ ‘ಮೋಡಸ್’ ಎಂದರೆ ರೀತಿ. ‘ಆಪರೆಂಡಿ’ ಎಂದರೆ ‘ಕೆಲಸ ಮಾಡುವುದರ’. ನಮ್ಮ ‘ಮಾಡುವುದು’ ಷಷ್ಠಿಯಲ್ಲಿ ‘ಮಾಡುವುದರ’ ಆಗುತ್ತದಲ್ಲ, ಅದೂ ಅಂಥದ್ದೇ ರೂಪ. ಹಾಗಾಗಿ ‘ಮೋಡಸ್ ಆಪರೆಂಡಿಯ ವಿಧಾನ’ ಎಂದು ಬರೆದರೆ ಒಂದೇ ಮಾತನ್ನು ಎರಡು ಸಲ ಹೇಳಿದಂತಾಗುತ್ತದೆ.

ಈ ಪದದ ಜೀವಾಳವಿರುವುದು ಒಂದೇ ರೀತಿಯಲ್ಲಿ ಮತ್ತೆ ಮತ್ತೆ ಮಾಡುವ ರೂಢಿಯಲ್ಲಿ. ಇಂಗ್ಲೆಂಡಿನ ಜಾರ್ಜ್ ಜೋಸೆಫ್ ಸ್ಮಿತ್‌ನ ಪ್ರಕರಣವನ್ನು ನೋಡಿದರೆ ಇದು ಮನದಟ್ಟಾಗುತ್ತದೆ. 1912ರಲ್ಲಿ ಬೆಸ್ಸಿ ಮಂಡಿ, 1913ರಲ್ಲಿ ಆಲಿಸ್ ಬರ್ನ್‌ಹ್ಯಾಮ್, 1914ರಲ್ಲಿ ಮಾರ್ಗರೆಟ್ ಲಾಫ್ಟಿ, ಮೂವರೂ ಅವನನ್ನು ಮದುವೆಯಾಗಿ ಸ್ನಾನದ ತೊಟ್ಟಿಯಲ್ಲಿ ಹೆಣವಾದರು. ಮದುವೆ, ಬಾಡಿಗೆ ಬಿಡಾರ, ಹಣ ತನಗೇ ಸೇರುವಂತೆ ಉಯಿಲು ಅಥವಾ ಜೀವವಿಮೆ, ಹೆಂಡತಿಗೆ ಹುಷಾರಿಲ್ಲವೆಂದು ವೈದ್ಯರ ಭೇಟಿ, ಆಮೇಲೆ ತೊಟ್ಟಿ. ಬಿಡಿಬಿಡಿಯಾಗಿ ನೋಡಿದಾಗ ಪ್ರತಿಯೊಂದು ಸಾವೂ ಆಕಸ್ಮಿಕವೆಂದೇ ದಾಖಲಾಗಿತ್ತು. ಲಾಫ್ಟಿಯ ಸಾವಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಆಲಿಸ್‌ಳ ತಂದೆಗೆ ಅದರಲ್ಲಿ ತನ್ನ ಮಗಳ ಸಾವೇ ಕಂಡಿತು. ಆ ತಂದೆ ಆ ನಾಲ್ಕು ಸಾಲುಗಳನ್ನು ಓದಿದ ಗಳಿಗೆಯನ್ನು ನೆನೆದರೆ ಈಗಲೂ ಕರುಳು ಚುರುಕ್ಕೆನ್ನುತ್ತದೆ. ಸ್ಮಿತ್‌ನ ಮೇಲೆ ವಿಚಾರಣೆ ನಡೆದದ್ದು ಮಂಡಿಯ ಕೊಲೆಗಾಗಿ ಮಾತ್ರ. ಆದರೂ ಉಳಿದೆರಡು ಸಾವುಗಳ ವಿವರವನ್ನು ನ್ಯಾಯಾಲಯ ಸಾಕ್ಷ್ಯವಾಗಿ ಒಪ್ಪಿಕೊಂಡಿತು. 1915ರ ಆಗಸ್ಟ್‌ನಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

ನಮ್ಮ ಠಾಣೆಗಳಲ್ಲಿಯೂ ಈ ಲ್ಯಾಟಿನ್ ಮಾತು ಬಳಕೆಯಲ್ಲಿದೆ. ‘ರೌಡಿ ಮತ್ತು ಎಂಒಬಿ ಪರೇಡ್’ ಎಂಬ ಸುದ್ದಿಯನ್ನು ನೀವು ಓದಿರಬಹುದು. ಎಂಒಬಿ ಎಂದರೆ ಮೋಡಸ್ ಆಪರೆಂಡಿ ಬ್ಯೂರೊ. ಮತ್ತೆ ಮತ್ತೆ ಅಪರಾಧ ಎಸಗುವವರ ವಿವರವನ್ನು ಅವರ ಕೈಚಳಕದ ಬಗೆಯೊಂದಿಗೆ ಬರೆದಿಡುವುದು ಈ ಏರ್ಪಾಡು. ಒಬ್ಬ ಹಿತ್ತಿಲ ಕಿಟಕಿಯ ಸರಳು ಬಗ್ಗಿಸಿಯೇ ಒಳನುಗ್ಗುತ್ತಾನೆ, ಇನ್ನೊಬ್ಬ ವಿಳಾಸ ಕೇಳುವ ನೆಪದಲ್ಲಿ ಬೈಕ್ ನಿಲ್ಲಿಸಿ ಸರಕ್ಕೆ ಕೈಹಾಕುತ್ತಾನೆ. ಹೊಸ ಕಳವು ನಡೆದಾಗ ಪೊಲೀಸರು ಮೊದಲು ನೆನಪಿಸಿಕೊಳ್ಳುವುದು ಇಂಥ ವಿವರಗಳನ್ನೇ.

ಹಾಗೆಂದು ಇದು ಕಳ್ಳರಿಗೇ ಮೀಸಲಾದ ಮಾತಲ್ಲ. ಒಂದು ಸಂಸ್ಥೆಗೋ ಅಧಿಕಾರಿಗೋ ಇರುವ ಕೆಲಸದ ಧಾಟಿಗೂ ಸಲ್ಲುತ್ತದೆ. ಅಲ್ಲಿ ‘ಕಾರ್ಯವೈಖರಿ’ ಎಂದರೆ ಸಾಕು, ಲ್ಯಾಟಿನ್ ಬೇಕಿಲ್ಲ. ಅಪರಾಧ ವರದಿಗಳಲ್ಲಿ ‘ಕೃತ್ಯ ಎಸಗುವ ರೀತಿ’ ಎಂದು ಬರೆಯಬಹುದು. ನನಗಂತೂ ‘ವರಸೆ’ ಎಂಬ ಪದವೇ ಇಷ್ಟ. ಪಳಗಿದ ಕೈ ಎಂಬ ಸೂಚನೆ ಅದರೊಳಗೇ ಇದೆ. ಆದರೆ ಯಾರೋ ಒಬ್ಬ ಒಂದೇ ಒಂದು ಸಲ ಗೋಡೆ ಹಾರಿ ಕದ್ದಿದ್ದರೆ ಅದು ಅವನ ಮೋಡಸ್ ಆಪರೆಂಡಿಯೂ ಅಲ್ಲ, ವರಸೆಯೂ ಅಲ್ಲ. ‘ಗೋಡೆ ಹಾರಿ ಕದ್ದ’ ಎಂದಷ್ಟೇ ಬರೆಯಿರಿ.