ಪದ ಪರಿಚಯ: ಸಂಯೋಜಿತ ಮಳೆ ಅಂದಾಜು

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಈಗಲೂ ಇಂಚು, ಸೆಂಟಿನ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ಬರೆದಿಡುವವರಿದ್ದಾರೆ. ‘ನಮ್ಮಲ್ಲಿ ನಿನ್ನೆ ಎಂಬತ್ತು ಸೆಂಟು’ ಎಂದರೆ ಗುಡ್ಡದಾಚೆಯ ತೋಟದವರು ‘ನಮಗೆ ಬರೀ ಇಪ್ಪತ್ತು’ ಅನ್ನುತ್ತಾರೆ. ಇಬ್ಬರದೂ ಸರಿಯೇ. ನಡುವಿನ ಕಾಡಿನಲ್ಲಿ ಎಷ್ಟು ಸುರಿಯಿತು? ಅಲ್ಲಿ ಅಳೆಯುವವರಿಲ್ಲ. ಇಂಥ ಖಾಲಿ ಜಾಗಗಳಿಗಾಗಿ ಮಳೆಮಾಪಕದ ಅಳತೆಯನ್ನೂ ಉಪಗ್ರಹದ ಅಂದಾಜನ್ನೂ ಬೆರೆಸಿ, ಭೂಪಟದ ಪ್ರತಿ ಚೌಕಕ್ಕೂ ಒಂದು ಅಂಕಿ ಕೊಡುವುದೇ ಸಂಯೋಜಿತ ಮಳೆ ಅಂದಾಜು.

ಮಳೆಮಾಪಕದ್ದು ನೇರ ವ್ಯವಹಾರ. 200 ಚದರ ಸೆಂ.ಮೀ. ಬಾಯಿಯ ಮಾಪಕದಲ್ಲಿ 20 ಮಿ.ಲೀ. ನೀರು ಸಿಕ್ಕರೆ 1 ಮಿ.ಮೀ. ಮಳೆ. ಗೇಣಗಲವೂ ಇಲ್ಲದ ಆ ಬಾಯಿಯಿಂದಾಚೆಗೆ ಅದಕ್ಕೇನೂ ಗೊತ್ತಿಲ್ಲ, ಅಷ್ಟೆ.

ಉಪಗ್ರಹಕ್ಕೆ ಇಡೀ ನಾಡು ಕಾಣುತ್ತದೆ, ಮಳೆ ಕಾಣುವುದಿಲ್ಲ. ಸುಮಾರು 36,000 ಕಿ.ಮೀ. ಎತ್ತರದಲ್ಲಿ ಒಂದೇ ಕಡೆ ನಿಂತಂತಿರುವ ಹವಾಮಾನ ಉಪಗ್ರಹ ಇನ್ಸಾಟ್-3ಡಿಆರ್‌ನ ಇನ್‌ಫ್ರಾರೆಡ್ ಕಣ್ಣಿಗೆ ಸಿಗುವುದು ಮೋಡದ ನೆತ್ತಿಯ ತಂಪು. ನೆತ್ತಿ ತಣ್ಣಗಿದ್ದಷ್ಟೂ ಮೋಡ ಎತ್ತರ, ಮಳೆ ಜೋರು ಎಂಬುದು ಲೆಕ್ಕಾಚಾರ. ಬಯಲುಸೀಮೆಯ ಗುಡುಗು ಮಳೆಗೆ ಇದು ತಕ್ಕಮಟ್ಟಿಗೆ ಹೊಂದುತ್ತದೆ, ಆಗುಂಬೆಯಂಥ ಕಡೆ ಕೈಕೊಡುತ್ತದೆ. ಜುಲೈನಲ್ಲಿ ಘಟ್ಟಕ್ಕೆ ಬಡಿದ ಮೋಡ ಹೆಚ್ಚು ಎತ್ತರ ಬೆಳೆಯದೆಯೂ ದಿನವಿಡೀ ಸುರಿಯಬಲ್ಲದು. ನೆತ್ತಿ ಅಷ್ಟೇನೂ ತಣ್ಣಗಿಲ್ಲದ ಕಾರಣ ಲೆಕ್ಕದಲ್ಲಿ ಅದು ಸಣ್ಣ ಮಳೆಯಾಗಿಬಿಡುತ್ತದೆ. 2014ರಲ್ಲಿ ಹಾರಿದ ಜಿಪಿಎಂ ಉಪಗ್ರಹದ ಮೈಕ್ರೋವೇವ್ ಉಪಕರಣ ಮತ್ತು ರಾಡಾರ್ ಮೋಡದೊಳಕ್ಕೂ ಇಣುಕುತ್ತವೆ. ಆದರೆ ಅದು ಸುತ್ತುತ್ತಲೇ ಇರುವ ಉಪಗ್ರಹ, ನಮ್ಮೂರ ಮೇಲೆ ನಿಲ್ಲುವುದಿಲ್ಲ.

ಬೆರೆಸುವುದೆಂದರೆ ಎರಡನ್ನೂ ಕೂಡಿ ಅರ್ಧ ಮಾಡುವುದಲ್ಲ. ಒಂದು ಕಡೆ ಉಪಗ್ರಹ 20 ಮಿ.ಮೀ. ಅಂದಿತು, ಮಾಪಕ 32 ತೋರಿಸಿತು ಅನ್ನೋಣ. ಆ 12ರ ಕೊರತೆಯನ್ನು ಅಲ್ಲಿ ತುಂಬಿ, ಅಕ್ಕಪಕ್ಕದ ಚೌಕಗಳಿಗೂ ದೂರ ಹೋದಂತೆ ಕಡಿಮೆ ಮಾಡುತ್ತಾ ಹಂಚುತ್ತಾರೆ. ಮಳೆ ಎಲ್ಲೆಲ್ಲಿ ಹರಡಿತ್ತು ಎಂಬುದಕ್ಕೆ ಉಪಗ್ರಹದ ಮಾತು, ಎಷ್ಟು ಎಂಬುದಕ್ಕೆ ಮಾಪಕದ ಮಾತು. ಅರಬ್ಬಿ ಸಮುದ್ರದ ನಡುವೆ ಮಾಪಕವಿಲ್ಲ, ಅಲ್ಲಿ ಉಪಗ್ರಹ ಹೇಳಿದ್ದೇ ಹೆಚ್ಚುಕಡಿಮೆ ಅಂತಿಮ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಟೆಲಿಮೆಟ್ರಿಕ್ (ಅಳತೆಯನ್ನು ತಾವೇ ದೂರಕ್ಕೆ ಕಳಿಸುವ) ಮಳೆಮಾಪಕಗಳಿವೆ, 6,000ಕ್ಕೂ ಹೆಚ್ಚು. ಇಲ್ಲಿ ಮಾಪಕದ ಮಾತಿಗೇ ತೂಕ ಜಾಸ್ತಿ ಇರಬೇಕು ಎಂಬುದು ನನ್ನ ಎಣಿಕೆ.

ಚೌಕದ ಅಳತೆಯನ್ನೂ ನೋಡಿಕೊಳ್ಳಿ. ಭಾರತೀಯ ಹವಾಮಾನ ಇಲಾಖೆಯ ಸಂಯೋಜಿತ ಮಳೆ ನಕ್ಷೆಯಲ್ಲಿ ಒಂದು ಚೌಕ 0.25 ಡಿಗ್ರಿ, ಹತ್ತಿರಹತ್ತಿರ 28 ಕಿ.ಮೀ. ಉದ್ದಗಲ. ಗುಡ್ಡದ ಆಚೀಚೆಯ ಆ ಎರಡು ತೋಟಗಳೂ ಒಂದೇ ಚೌಕದೊಳಗೆ ಬೀಳಬಹುದು. ಆಗ ಎಂಬತ್ತೂ ಕಾಣುವುದಿಲ್ಲ, ಇಪ್ಪತ್ತೂ ಕಾಣುವುದಿಲ್ಲ.